ಚೆಂಡು ಕಾಣದ ಯಂತ್ರಕ್ಕೆ ನಿಯಮ ಬರೆಯುವಾಕೆ: ಪಿನ್‌ಬಾಲ್ ಪ್ರೋಗ್ರಾಮರ್ ಮಾಡುವ ಕೆಲಸವೇನು?

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ಕಲಿತವರಿಗೆ ‘ಸ್ಪೇಸ್ ಕೆಡೆಟ್’ ಗೊತ್ತಿರುತ್ತದೆ. ಸೈಬರ್ ಸೆಂಟರ್‌ನಲ್ಲಿ ನೆಟ್ ಹೋದಾಗ ಎಲ್ಲರೂ ತೆರೆಯುತ್ತಿದ್ದ ಆಟ ಅದು. ಝಡ್ ಒತ್ತಿದರೆ ಎಡಗೈ, ಸ್ಲ್ಯಾಶ್ ಒತ್ತಿದರೆ ಬಲಗೈ, ಎರಡರ ನಡುವೆ ನುಸುಳಿ ಹೋಗುವ ಬೆಳ್ಳಿ ಚೆಂಡು. ಆ ಆಟ ಯಾವುದನ್ನು ಅನುಕರಿಸುತ್ತಿತ್ತೋ ಆ ನಿಜವಾದ ಪಿನ್‌ಬಾಲ್ ಯಂತ್ರವನ್ನು ನಮ್ಮಲ್ಲಿ ಕಂಡವರು ಕಡಿಮೆ. ಹಾಗಾಗಿ ‘ಪಿನ್‌ಬಾಲ್ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ’ ಎಂದೊಡನೆ ಏಳುವ ಪ್ರಶ್ನೆ ಒಂದೇ: ಉಕ್ಕಿನ ಚೆಂಡು ತನ್ನಷ್ಟಕ್ಕೆ ಉರುಳುತ್ತದಲ್ಲ, ಅಲ್ಲಿ ಪ್ರೋಗ್ರಾಮಿಗೆ ಏನು ಕೆಲಸ?

ಕೆಲಸ ಬಹಳ ಇದೆ. ಪಿನ್‌ಬಾಲ್ ತಯಾರಿಕೆಯ ತವರು ಅಮೆರಿಕದ ಶಿಕಾಗೋ. ಅಲ್ಲಿ ಒಂದು ಯಂತ್ರಕ್ಕೆ ಒಬ್ಬರೋ ಮೂವರೋ ಪ್ರೋಗ್ರಾಮರುಗಳು ತಿಂಗಳುಗಟ್ಟಲೆ ಕೂರುತ್ತಾರೆ. ಆಟದ ನಿಯಮಗಳನ್ನು ರೂಪಿಸುವವರೂ ಬಹುಪಾಲು ಅವರೇ. ದಶಕಗಟ್ಟಲೆ ಗಂಡಸರೇ ತುಂಬಿದ್ದ ಈ ಕುರ್ಚಿಗಳಿಗೆ ಈಗ ಹೆಣ್ಣುಮಕ್ಕಳೂ ಬಂದಿದ್ದಾರೆ. ಆದ್ದರಿಂದ ಈ ಲೇಖನದಲ್ಲಿ ಪ್ರೋಗ್ರಾಮರನ್ನು ‘ಆಕೆ’ ಎಂದೇ ಕರೆದಿದೆ.

## ಮೊದಲು ಯಂತ್ರ

ಮೊಳೆ ಹೊಡೆದ ಹಲಗೆ, ಮೂಲೆಯಲ್ಲಿ ಸ್ಪ್ರಿಂಗಿನ ಕಡ್ಡಿ, ಅದನ್ನು ಎಳೆದು ಬಿಟ್ಟರೆ ಹಾರುವ ಗೋಲಿ. ಆಟಿಕೆ ಅಂಗಡಿಯ ಆ ‘ಬ್ಯಾಗಟೆಲ್’ ಹಲಗೆಯೇ ಪಿನ್‌ಬಾಲಿನ ಅಜ್ಜಿ. ಸ್ಪ್ರಿಂಗಿನ ಪ್ಲಂಜರಿಗೆ ಮಾಂಟೇಗ್ ರೆಡ್‌ಗ್ರೇವ್ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1871ರಲ್ಲಿ. ಆಟಗಾರನ ಕೈಗೆ ನಿಜವಾದ ಹಿಡಿತ ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ಗೆ ಫ್ಲಿಪ್ಪರ್ ಬಂದಾಗ. ಗುಂಡಿ ಒತ್ತಿದರೆ ಮೇಲಕ್ಕೆ ಚಿಮ್ಮಿ ಚೆಂಡನ್ನು ವಾಪಸ್ ಹೊಡೆಯುವ ಪುಟ್ಟ ದಾಂಡೇ ಫ್ಲಿಪ್ಪರ್.

ಇಂದಿನ ಯಂತ್ರದ ಆಟದ ಹಲಗೆ ಸುಮಾರು 51 ಸೆಂ.ಮೀ. ಅಗಲ, ಒಂದು ಮೀಟರಿಗೂ ತುಸು ಹೆಚ್ಚು ಉದ್ದ. ಆಟಗಾರನ ಕಡೆಗೆ ಸುಮಾರು 6.5 ಡಿಗ್ರಿ ಇಳಿಜಾರು. ಚೆಂಡು 27 ಮಿ.ಮೀ. ವ್ಯಾಸದ, 80 ಗ್ರಾಂ ತೂಗುವ ಉಕ್ಕಿನ ಗುಂಡು. ಹಲಗೆಯ ಮೇಲೆ ರ‍್ಯಾಂಪುಗಳು, ತಾಗಿದರೆ ಚೆಂಡನ್ನು ಒದೆಯುವ ಬಂಪರುಗಳು, ಹೊಡೆದರೆ ಕೆಳಗಿಳಿಯುವ ಟಾರ್ಗೆಟ್‌ಗಳು, ಚೆಂಡನ್ನು ನುಂಗಿ ಮತ್ತೆ ಉಗುಳುವ ಕುಳಿಗಳು. ಎರಡು ಫ್ಲಿಪ್ಪರುಗಳ ನಡುವಿನ ಸಂದಿಯಲ್ಲಿ ಚೆಂಡು ಜಾರಿಹೋದರೆ ಅದು ‘ಡ್ರೈನ್’. ಒಂದು ಆಟಕ್ಕೆ ಸಾಮಾನ್ಯವಾಗಿ ಮೂರು ಚೆಂಡಿನ ಸರದಿ.

## ತಂತಿಯಿಂದ ಪ್ರೋಗ್ರಾಮಿಗೆ

1970ರ ದಶಕದ ನಡುವಿನವರೆಗೂ ನಿಯಮಗಳು ತಂತಿಯಲ್ಲೇ ಇದ್ದವು. ರಿಲೇಗಳು (ಕರೆಂಟು ಹರಿದಾಗ ತಾನೇ ಒತ್ತಿಕೊಳ್ಳುವ ಸ್ವಿಚ್ಚುಗಳು), ಹಲ್ಲಿನ ಚಕ್ರಗಳು, ತಿರುಗುವ ಮೋಟಾರುಗಳು. ‘ಈ ಟಾರ್ಗೆಟ್‌ಗೆ 100ರ ಬದಲು 500 ಅಂಕ’ ಎನ್ನಬೇಕಾದರೂ ಬೆಸುಗೆ ಕಡ್ಡಿ ಹಿಡಿಯಬೇಕಿತ್ತು. ಮೈಕ್ರೋಪ್ರೊಸೆಸರ್ ಬಂದ ಮೇಲೆ ನಿಯಮವು ಚಿಪ್ಪಿನೊಳಗೆ ಬರೆದ ಪ್ರೋಗ್ರಾಂ ಆಯಿತು.

ಇದರಿಂದ ಆದ ಬದಲಾವಣೆಗೆ ಒಳ್ಳೆಯ ಉದಾಹರಣೆ ವಿಲಿಯಮ್ಸ್ ಕಂಪನಿಯ 1980ರ ‘ಫೈರ್‌ಪವರ್’. ವಿನ್ಯಾಸ ಸ್ಟೀವ್ ರಿಚಿಯವರದು, ಪ್ರೋಗ್ರಾಂ ಯೂಜೀನ್ ಜಾರ್ವಿಸ್ ಅವರದು. ಹಲಗೆಯ ಮೇಲ್ತುದಿಯಲ್ಲಿ ಸಾಲಾಗಿ ಓಣಿಗಳಿದ್ದು, ಚೆಂಡು ಹಾದ ಓಣಿಯ ದೀಪ ಹೊತ್ತಿಕೊಳ್ಳುತ್ತದೆ. ಎಲ್ಲ ಹೊತ್ತಿದರೆ ಬಹುಮಾನ. ಚೆಂಡು ಮತ್ತೆ ಅದೇ ಹೊತ್ತಿದ ಓಣಿಗೇ ಬಿದ್ದರೆ ಆ ಸಲ ವ್ಯರ್ಥ. ಫೈರ್‌ಪವರ್‌ನಲ್ಲಿ ಫ್ಲಿಪ್ಪರ್ ಗುಂಡಿ ಒತ್ತಿದರೆ ಹೊತ್ತಿದ ದೀಪಗಳು ಪಕ್ಕಕ್ಕೆ ಸರಿಯುತ್ತಿದ್ದವು. ಚೆಂಡನ್ನು ಖಾಲಿ ಓಣಿಗೆ ತಳ್ಳಲಾಗದಿದ್ದರೇನು, ಖಾಲಿ ಓಣಿಯನ್ನೇ ಚೆಂಡಿನ ಕೆಳಗೆ ತರಬಹುದು. ಇದಕ್ಕೆ ದೊಡ್ಡ ಹೊಸ ಬಿಡಿಭಾಗವೇನೂ ಬೇಕಾಗಲಿಲ್ಲ. ಗುಂಡಿ ಮೊದಲೇ ಇತ್ತು, ದೀಪ ಮೊದಲೇ ಇತ್ತು. ಅವೆರಡರ ನಡುವೆ ಒಂದು ನಿಯಮ ಸೇರಿತು, ಅಷ್ಟೆ. ‘ಲೇನ್ ಚೇಂಜ್’ ಎಂಬ ಹೆಸರಿನಲ್ಲಿ ಅದು ಇಂದಿಗೂ ಯಂತ್ರಗಳಲ್ಲಿದೆ.

## ಯಂತ್ರಕ್ಕೆ ಕಣ್ಣಿಲ್ಲ

ಸ್ಪೇಸ್ ಕೆಡೆಟ್‌ನಲ್ಲಿ ಚೆಂಡನ್ನು ಓಡಿಸುವುದೇ ಪ್ರೋಗ್ರಾಂ. ಕ್ಷಣಕ್ಷಣಕ್ಕೂ ಅದು ಎಲ್ಲಿದೆ ಎಂಬುದು ಪ್ರೋಗ್ರಾಮಿಗೆ ಗೊತ್ತು. (ಆ ಲೆಕ್ಕ ತಪ್ಪಿದ್ದರಿಂದಲೇ ಆಟ ಎಕ್ಸ್‌ಪಿಯ ನಂತರದ ವಿಂಡೋಸ್ ವಿಸ್ತಾಕ್ಕೆ ಬರಲಿಲ್ಲ. 64 ಬಿಟ್‌ಗೆ ಮಾರ್ಪಡಿಸಿದಾಗ ಚೆಂಡು ಯಾವುದಕ್ಕೂ ತಾಗದೆ ದೆವ್ವದ ಹಾಗೆ ಎಲ್ಲವನ್ನೂ ದಾಟಿ ಹೋಗುತ್ತಿತ್ತು.) ನಿಜವಾದ ಯಂತ್ರದಲ್ಲಿ ಚೆಂಡನ್ನು ಉರುಳಿಸುವುದು ಭೂಮಿಯ ಸೆಳೆತ. ಪ್ರೋಗ್ರಾಮಿಗೆ ಚೆಂಡು ಕಾಣುವುದೇ ಇಲ್ಲ. ಅದು ಯಾವುದಾದರೂ ಸ್ವಿಚ್ಚನ್ನು ತುಳಿದಾಗ ಮಾತ್ರ ‘ಇಲ್ಲಿಗೆ ಬಂದಿತ್ತು’ ಎಂಬ ಸುದ್ದಿ ಸಿಗುತ್ತದೆ. ಕತ್ತಲೆ ಮನೆಯಲ್ಲಿ ಹೆಜ್ಜೆ ಸಪ್ಪಳ ಕೇಳಿ ‘ಯಾರೋ ಅಡುಗೆಮನೆ ದಾಟಿದರು’ ಎಂದು ಊಹಿಸುವ ಹಾಗೆ.

1990ರ ದಶಕದ ವಿಲಿಯಮ್ಸ್ ಯಂತ್ರಗಳಲ್ಲಿ ಸ್ವಿಚ್ಚುಗಳನ್ನು 8 ಕಂಬಸಾಲು, 8 ಅಡ್ಡಸಾಲಿನ ಚೌಕಟ್ಟಿನಲ್ಲಿ ಜೋಡಿಸಿದ್ದರು. 64 ಸ್ವಿಚ್ಚಿಗೆ 64 ಪ್ರತ್ಯೇಕ ತಂತಿ ಎಳೆಯುವ ಬದಲು 16 ತಂತಿ ಸಾಕು. ಮೇಷ್ಟ್ರು ಬೆಂಚಿನಿಂದ ಬೆಂಚಿಗೆ ಹಾಜರಿ ಕೂಗುವ ಹಾಗೆ ಪ್ರೋಗ್ರಾಂ ಒಂದೊಂದೇ ಕಂಬಸಾಲನ್ನು ಎಚ್ಚರಿಸಿ ‘ನಿಮ್ಮಲ್ಲಿ ಯಾರು ಮುಚ್ಚಿದ್ದೀರಿ?’ ಎಂದು ಕೇಳುತ್ತದೆ. (ಸ್ವಿಚ್ಚು ಮುಚ್ಚುವುದು ಎಂದರೆ ಕರೆಂಟಿನ ದಾರಿ ಕೂಡುವುದು.) ಈ ಹಾಜರಿ ಎಷ್ಟು ಬೇಗ ಮುಗಿಯಬೇಕು? ಚೆಂಡು ಸೆಕೆಂಡಿಗೆ 3 ಮೀಟರ್ ವೇಗದಲ್ಲಿದ್ದರೆ ತನ್ನ 27 ಮಿ.ಮೀ. ಮೈಯನ್ನು ಸ್ವಿಚ್ಚಾಗಿ ಇಟ್ಟ ಒಂದು ಬೆಳಕಿನ ಕಿರಣದ ಮುಂದೆ ದಾಟಿಸಲು ಅದಕ್ಕೆ 9 ಮಿಲಿಸೆಕೆಂಡ್ ಸಾಕು. ಹಾಜರಿ ಅದಕ್ಕಿಂತ ನಿಧಾನವಾದರೆ ಹೊಡೆತ ಲೆಕ್ಕಕ್ಕೇ ಬರುವುದಿಲ್ಲ, ಆಟಗಾರ ಗಾಜಿಗೆ ಗುದ್ದುತ್ತಾನೆ.

ಪ್ರತಿ ಸ್ವಿಚ್ಚಿನ ಜೊತೆ ಒಂದು ಡಯೋಡ್ ಇರುತ್ತದೆ. ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯಲಿ ಎಂದು ಇಟ್ಟಿರುವ ನಾಲ್ಕಾಣೆ ಸಾಮಾನು. ಅದು ಶಾರ್ಟ್ ಆದರೆ ವಿಚಿತ್ರ ಶುರು. ಚೌಕದ ಮೂರು ಮೂಲೆಯ ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿದ್ದಾಗ ಕರೆಂಟು ಹಿಂದುಮುಂದಾಗಿ ಸುತ್ತಿ ಬಂದು, ಮುಟ್ಟದೇ ಇರುವ ನಾಲ್ಕನೆಯ ಸ್ವಿಚ್ಚೂ ಮುಚ್ಚಿದ ಹಾಗೆ ತೋರಿಸುತ್ತದೆ. ಬಂಪರಿಗೆ ಚೆಂಡು ತಾಗಿದರೆ ಎಲ್ಲೋ ದೂರದ ಜಾಕ್‌ಪಾಟ್ ಸಿಕ್ಕಿಬಿಡುತ್ತದೆ. ‘ನಿನ್ನ ಪ್ರೋಗ್ರಾಂ ತಪ್ಪು’ ಎಂಬ ದೂರು ಬಂದಾಗ ಆಕೆ ಕೋಡ್ ತೆರೆಯುವ ಮೊದಲು ಸ್ವಿಚ್ ಟೆಸ್ಟ್ ಪರದೆ ತೆರೆಯುವುದು ಇದಕ್ಕೇ.

ಅಂಟಿಕೊಂಡ ಸ್ವಿಚ್ಚೂ ಇರುತ್ತದೆ, ಸತ್ತ ಸ್ವಿಚ್ಚೂ ಇರುತ್ತದೆ. ಹತ್ತಾರು ಆಟ ಮುಗಿದರೂ ಒಂದು ಟಾರ್ಗೆಟ್ ಒಮ್ಮೆಯೂ ಮುಚ್ಚಿಲ್ಲ ಎಂದರೆ ಅದು ಕೆಟ್ಟಿದೆ ಎಂದು ಪ್ರೋಗ್ರಾಂ ತೀರ್ಮಾನಿಸುತ್ತದೆ. ಮಾಲೀಕನಿಗೆ ಸೂಚನೆ ಬರೆದಿಟ್ಟು, ಆ ಟಾರ್ಗೆಟ್ ಇಲ್ಲದೆಯೂ ನಿಯಮ ಪೂರ್ತಿಯಾಗುವಂತೆ ದಾರಿ ಬದಲಿಸುತ್ತದೆ. ಬಾರಿನ ಮೂಲೆಯಲ್ಲಿ ನಿಂತ ಯಂತ್ರಕ್ಕೆ ಮೆಕ್ಯಾನಿಕ್ ಬರುವುದು ಯಾವಾಗಲೋ.

ಚೆಂಡು ಕಾಣದಿದ್ದರೂ ಗುರಿಯಿಟ್ಟು ಹೊಡೆಯಬಹುದೇ? 1992ರ ‘ದಿ ಆಡಮ್ಸ್ ಫ್ಯಾಮಿಲಿ’ ಯಂತ್ರ ಹೊಡೆದು ತೋರಿಸಿತು. ಪ್ಯಾಟ್ ಲಾಲರ್ ಮತ್ತು ಲ್ಯಾರಿ ಡಿಮಾರ್ ರೂಪಿಸಿದ, 20,270 ಪ್ರತಿ ಮಾರಾಟವಾದ ಯಂತ್ರವದು. ಅದರಲ್ಲಿ ಕೆಲವೊಮ್ಮೆ ಯಂತ್ರ ತಾನೇ ಒಂದು ಫ್ಲಿಪ್ಪರ್ ಬೀಸಿ ಚೆಂಡನ್ನು ಕುಳಿಗೆ ಹೊಡೆಯುತ್ತದೆ. ಉಪಾಯ ಸರಳ. ಚೆಂಡು ಒಂದು ಸ್ವಿಚ್ಚು ದಾಟಿದ ಕ್ಷಣದಿಂದ ಇಷ್ಟು ಮಿಲಿಸೆಕೆಂಡ್ ಕಾದು ಫ್ಲಿಪ್ಪರ್ ಎತ್ತು. ಗುರಿ ತಪ್ಪಿದರೆ ಮುಂದಿನ ಸಲ ಕಾಯುವ ಹೊತ್ತನ್ನು ಚೂರು ಹೆಚ್ಚೋ ಕಡಿಮೆಯೋ ಮಾಡು. ಯಂತ್ರ ನಿಂತ ನೆಲದ ಓರೆ, ರಬ್ಬರಿನ ಸವೆತ, ಫ್ಲಿಪ್ಪರ್ ಎತ್ತುವ ಕಾಯಿಲಿನ (ತಂತಿ ಸುರುಳಿಯ) ಬಿಸಿ, ಇವೆಲ್ಲ ಆ ಒಂದೇ ಸಂಖ್ಯೆಯೊಳಗೆ ಅಡಗಿ ಸರಿಹೋಗುತ್ತವೆ.

## ಕಾಯಿಲ್ ಸುಡದ ಹಾಗೆ

ಚೆಂಡನ್ನು ಒದೆಯುವ ಎಲ್ಲ ಭಾಗಗಳ ಹಿಂದೆ ಇರುವುದು ಸೊಲೆನಾಯ್ಡ್ ಕಾಯಿಲ್: ತಂತಿಯ ಸುರುಳಿ, ನಡುವೆ ಕಬ್ಬಿಣದ ಕಡ್ಡಿ. ಮನೆಯ ‘ಡಿಂಗ್ ಡಾಂಗ್’ ಕಾಲಿಂಗ್ ಬೆಲ್ ಒಳಗಿರುವುದೂ ಇದೇ. ವ್ಯತ್ಯಾಸ ಇರುವುದು ಶಕ್ತಿಯಲ್ಲಿ. ಫ್ಲಿಪ್ಪರ್ ಕಾಯಿಲಿನ ಬಲದ ಸುರುಳಿಗೆ ತಡೆ ಸುಮಾರು 4 ಓಮ್. ಸುಮಾರು 50 ವೋಲ್ಟ್ ಕೊಟ್ಟರೆ 12 ಆಂಪಿಯರ್ ಹರಿಯುತ್ತದೆ, ಅಂದರೆ ಸುಮಾರು 600 ವ್ಯಾಟ್. ಇಸ್ತ್ರಿ ಪೆಟ್ಟಿಗೆಯ ವಿದ್ಯುತ್ತು, ಎರಡು ಬೆರಳು ದಪ್ಪದ ಸುರುಳಿಯಲ್ಲಿ!

ಆದ್ದರಿಂದ ಪೂರ್ತಿ ಬಲ ಕೊಡುವುದು ಹತ್ತಾರು ಮಿಲಿಸೆಕೆಂಡ್ ಮಾತ್ರ. ಆಟಗಾರ ಗುಂಡಿ ಒತ್ತಿಯೇ ಹಿಡಿದಿದ್ದರೆ ಮುಂದಕ್ಕೆ ನೂರು ಓಮಿಗೂ ಹೆಚ್ಚು ತಡೆಯ ಎರಡನೆಯ ಸುರುಳಿಯಿಂದಲೋ, ಕರೆಂಟನ್ನು ಬಿಟ್ಟುಬಿಟ್ಟು ಕೊಡುವುದರಿಂದಲೋ ದಾಂಡನ್ನು ಎತ್ತಿ ಹಿಡಿಯುತ್ತಾರೆ. ಪ್ರೋಗ್ರಾಂ ಕಾಯಿಲ್ ಹಾಕಿ ಆರಿಸಲು ಮರೆತರೆ ಮೊದಲು ವಾಸನೆ, ಆಮೇಲೆ ಹೊಗೆ, ಕರಗಿದ ಪ್ಲಾಸ್ಟಿಕ್ ತೋಳಿನಲ್ಲಿ ಸಿಕ್ಕಿಬಿದ್ದ ಕಡ್ಡಿ, ಅದೃಷ್ಟವಿದ್ದರೆ ಸುಟ್ಟ ಫ್ಯೂಸ್. ಪ್ರೋಗ್ರಾಂ ತಾನೇ ಹೆಪ್ಪುಗಟ್ಟಿ ನಿಂತರೂ ಕಾಯಿಲುಗಳು ಆರುವಂತೆ ಬೋರ್ಡಿನಲ್ಲಿ ‘ವಾಚ್‌ಡಾಗ್’ ಇಟ್ಟಿರುತ್ತಾರೆ. ‘ಬದುಕಿದ್ದೇನೆ’ ಎಂಬ ಸೂಚನೆ ಪ್ರೋಗ್ರಾಮಿನಿಂದ ನಿಯಮಿತವಾಗಿ ಬರದಿದ್ದರೆ ಅದು ಎಲ್ಲ ಕಾಯಿಲನ್ನೂ ಆರಿಸಿಬಿಡುತ್ತದೆ.

## ನಿಯಮ ಎಂದರೆ

ಕಬಡ್ಡಿಯಲ್ಲಿ ಬೋನಸ್ ಗೆರೆ ಯಾವಾಗಲೂ ಮ್ಯಾಟಿನ ಮೇಲೆ ಇದ್ದೇ ಇರುತ್ತದೆ. ಎದುರಾಳಿ ತಂಡದಲ್ಲಿ ಆರು ಅಥವಾ ಹೆಚ್ಚು ಆಟಗಾರರು ಇದ್ದಾಗ ಮಾತ್ರ ಅದನ್ನು ದಾಟಿದರೆ ಅಂಕ. ಗೆರೆ ಅದೇ, ಹೆಜ್ಜೆ ಅದೇ, ಬೆಲೆ ಮಾತ್ರ ಸಂದರ್ಭಕ್ಕೆ ತಕ್ಕಂತೆ. ಪಿನ್‌ಬಾಲ್ ನಿಯಮದ ತಿರುಳೂ ಇದೇ. ರ‍್ಯಾಂಪ್ ಒಂದೇ. ಅದಕ್ಕೆ ಹೊಡೆದರೆ ಒಮ್ಮೆ ಸಾವಿರ ಅಂಕ, ಒಮ್ಮೆ ಜಾಕ್‌ಪಾಟ್, ಒಮ್ಮೆ ಏನೂ ಇಲ್ಲ. ಈಗ ಯಾವುದು ಎಂದು ಆಟಗಾರನಿಗೆ ಹೇಳುವುದು ರ‍್ಯಾಂಪಿನ ಬಾಯಿಯ ಬಾಣದ ದೀಪ.

ಒಂದು ಗುರಿಯಿಟ್ಟುಕೊಂಡು ಕೆಲಹೊತ್ತು ನಡೆಯುವ ಚಿಕ್ಕ ಆಟಕ್ಕೆ ‘ಮೋಡ್’ ಎನ್ನುತ್ತಾರೆ: 30 ಸೆಕೆಂಡಿನಲ್ಲಿ ಎಡ ರ‍್ಯಾಂಪಿಗೆ ಮೂರು ಸಲ ಹೊಡೆ ಎಂಬಂಥದ್ದು. ಒಂದೇ ಹೊತ್ತಿಗೆ ಎರಡು ಮೂರು ಮೋಡ್ ನಡೆಯುತ್ತಿದ್ದರೆ ತಲೆನೋವು ಶುರು. ಒಂದೇ ಬಾಣದ ದೀಪವನ್ನು ಒಂದು ಮೋಡ್ ಕೆಂಪಗೆ, ಇನ್ನೊಂದು ನೀಲಿಯಾಗಿ ಕೇಳುತ್ತದೆ. ಸ್ಪೀಕರ್ ಒಂದೇ, ‘ಜಾಕ್‌ಪಾಟ್!’ ಎಂಬ ಕೂಗೂ ‘ಹತ್ತು ಸೆಕೆಂಡ್ ಉಳಿದಿದೆ’ ಎಂಬ ಮಾತೂ ಒಟ್ಟಿಗೆ ಬರುತ್ತವೆ. ಯಾವುದು ಮೊದಲು, ಯಾವುದು ಕಾಯಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂಬ ಆದ್ಯತೆಯ ಪಟ್ಟಿ ಆಕೆಯ ಕೋಡಿನಲ್ಲಿ ದೊಡ್ಡ ಪಾಲು.

## ಒಂದೇ ನಿಯಮ, ಹತ್ತು ಸಂಕಟ

ಹಲಗೆ ವಿನ್ಯಾಸ ಮಾಡಿದವರು ಕಾಗದದ ಮೇಲೆ ಹೀಗೆ ಬರೆದು ಕೊಟ್ಟರೆನ್ನಿ: ‘ಕುಳಿಯಲ್ಲಿ ಮೂರು ಚೆಂಡು ಕೂಡಿಟ್ಟರೆ ಮೂರೂ ಒಟ್ಟಿಗೆ ಹೊರಬರಲಿ, ಆಗ ರ‍್ಯಾಂಪುಗಳಿಗೆ ಜಾಕ್‌ಪಾಟ್.’ ಇದೇ ಮಲ್ಟಿಬಾಲ್. ಒಂದು ಸಾಲಿನ ನಿಯಮ. ಕೋಡ್ ಬರೆಯಲು ಕೂತಾಗ ಪ್ರಶ್ನೆಗಳು ಸಾಲುಗಟ್ಟುತ್ತವೆ.

ಚೆಂಡು ಕುಳಿಗೆ ಬಂತು ಎನ್ನುವುದು ಯಾವಾಗ? ಜೋರಾಗಿ ಬಂದ ಚೆಂಡು ಸ್ವಿಚ್ಚನ್ನು ತಟ್ಟಿ ಪುಟಿದು ಹೊರಗೂ ಹೋಗಬಹುದು. ಆದ್ದರಿಂದ ಸ್ವಿಚ್ಚು ಸುಮಾರು ಅರ್ಧ ಸೆಕೆಂಡ್ ಮುಚ್ಚಿಯೇ ಇದ್ದರೆ ಮಾತ್ರ ಲೆಕ್ಕ. ಬಂಪರಿಗೆ ಈ ಸೂತ್ರ ಹಾಕಿದರೆ ಅದು ಒದೆಯುವುದೇ ಇಲ್ಲ; ಅಲ್ಲಿ ತಟ್ಟಿದ ಕೂಡಲೇ ಕಾಯಿಲ್ ಹೊಡೆಯಬೇಕು. ಅಂದರೆ ಪ್ರತಿ ಸ್ವಿಚ್ಚಿಗೂ ಬೇರೆಯದೇ ತಾಳ್ಮೆ.

ಇಬ್ಬರು ಆಡುತ್ತಿದ್ದಾರೆ. ಮೊದಲನೆಯವಳು ಎರಡು ಚೆಂಡು ಕೂಡಿಟ್ಟು ಔಟಾದಳು. ಎರಡನೆಯವನು ಬಂದು ಒಂದೇ ಚೆಂಡು ಹಾಕಿದ, ಕುಳಿಯಲ್ಲಿ ಮೂರಾಯಿತು. ಮಲ್ಟಿಬಾಲ್ ಯಾರದು? ಕೆಲವು ಹಳೆಯ ಯಂತ್ರಗಳಲ್ಲಿ ಅವನದೇ, ‘ಕದಿಯುವುದು’ ಕೂಡ ಆಟದ ಭಾಗ. ಇಂದು ಹೆಚ್ಚಾಗಿ ಪ್ರತಿ ಆಟಗಾರರ ಲೆಕ್ಕ ನೆನಪಿನಲ್ಲಿ ಬೇರೆ, ಕುಳಿಯಲ್ಲಿ ನಿಜವಾಗಿ ಇರುವ ಚೆಂಡಿನ ಲೆಕ್ಕ ಬೇರೆ. ನೆನಪಿನಲ್ಲಿ ಒಂದು, ಕುಳಿಯಲ್ಲಿ ಮೂರು ಇದ್ದರೆ ಒಂದನ್ನು ಹೊರಗೆ ಒದ್ದು ಆಟ ಮುಂದುವರಿಸಬೇಕು.

ಒಟ್ಟು ಚೆಂಡು ಎಷ್ಟು? ಯಂತ್ರದಲ್ಲಿ ಆರು ಚೆಂಡು ಇದ್ದರೆ, ಕೆಳಗಿನ ತೊಟ್ಟಿಯಲ್ಲಿರುವವು, ಕುಳಿಯಲ್ಲಿರುವವು, ಆಟದಲ್ಲಿರುವವು ಸೇರಿ ಯಾವಾಗಲೂ ಆರೇ ಆಗಬೇಕು. ‘ಟ್ರಫ್’ ಎಂದು ಕರೆಯುವ ಈ ತೊಟ್ಟಿಯಲ್ಲಿ ಒಂದೊಂದು ಚೆಂಡಿಗೂ ಒಂದೊಂದು ಸ್ವಿಚ್ಚಿರುತ್ತದೆ. ಒಂದು ಚೆಂಡು ಇನ್ನೊಂದರ ಬೆನ್ನೇರಿ ಕೂತರೂ ಲೆಕ್ಕ ತಪ್ಪುತ್ತದೆ. ಹೊರಗೆ ಒದೆಯುವಾಗ ಎರಡು ಒಟ್ಟಿಗೆ ಹಾರಿದರೂ ತಪ್ಪುತ್ತದೆ. ಹಾಗಾಗಿ ಚೆಂಡು ಚಿಮ್ಮಿಸಿದ ಮೇಲೆ ಪ್ಲಂಜರ್ ಓಣಿಯ ಸ್ವಿಚ್ಚು ಮುಚ್ಚಿತೇ ಎಂದು ನೋಡುವುದು, ಇಲ್ಲದಿದ್ದರೆ ಕಾದು ಮತ್ತೆ ಚಿಮ್ಮಿಸುವುದು.

ಒಂದು ಚೆಂಡು ಎಲ್ಲೋ ಪ್ಲಾಸ್ಟಿಕ್ಕಿನ ಹಿಂದೆ ಸಿಕ್ಕಿಕೊಂಡರೆ? ಸುಮಾರು 15 ಸೆಕೆಂಡ್ ಯಾವ ಸ್ವಿಚ್ಚೂ ಮುಚ್ಚದಿದ್ದರೆ ಪ್ರೋಗ್ರಾಂ ‘ಬಾಲ್ ಸರ್ಚ್’ ಶುರುಮಾಡುತ್ತದೆ: ಕಾಯಿಲುಗಳನ್ನು ಒಂದಾದ ಮೇಲೊಂದು ಒದೆಸಿ ಹಲಗೆಯನ್ನು ಅದುರಿಸುವುದು. ಆದರೆ ಆಟಗಾರ ಫ್ಲಿಪ್ಪರ್ ಎತ್ತಿ ಹಿಡಿದು ಚೆಂಡನ್ನು ಅದರ ಮೇಲೆ ನಿಲ್ಲಿಸಿ ಉಸಿರೆಳೆದುಕೊಳ್ಳುತ್ತಿದ್ದರೂ ಯಾವ ಸ್ವಿಚ್ಚೂ ಮುಚ್ಚುವುದಿಲ್ಲ! ಆದ್ದರಿಂದ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಹುಡುಕಾಟ ಶುರುವಾಗಬಾರದು. ಈ ಒಂದು ಷರತ್ತು ಮರೆತರೆ, ಒಳ್ಳೆಯ ಆಟಗಾರ ನಿಧಾನಿಸಿದಾಗೆಲ್ಲ ಯಂತ್ರ ಮೈಮೇಲೆ ಬಂದ ಹಾಗೆ ಕುಣಿಯುತ್ತದೆ.

ಮಲ್ಟಿಬಾಲ್ ಶುರುವಾದ ಎರಡೇ ಸೆಕೆಂಡಿಗೆ ಎರಡು ಚೆಂಡು ಜಾರಿದರೆ ಆಟಗಾರನಿಗೆ ಮೋಸವಾದಂತೆ. ಅದಕ್ಕೆ ಮೊದಲ ಹತ್ತು ಹದಿನೈದು ಸೆಕೆಂಡ್ ‘ಬಾಲ್ ಸೇವ್’, ಜಾರಿದ ಚೆಂಡು ವಾಪಸ್. ಬಾಲ್ ಸೇವ್ ಸೂಚಿಸುವ ದೀಪ ಆರಿದ ಮೇಲೂ ಒಂದೆರಡು ಸೆಕೆಂಡ್ ಗುಟ್ಟಾಗಿ ರಕ್ಷಣೆ ಮುಂದುವರಿಯುತ್ತದೆ. ಕಾರಣ, ಚೆಂಡು ಸಂದಿಯಲ್ಲಿ ಜಾರಿದಾಗ ದೀಪ ಉರಿಯುತ್ತಿತ್ತು, ತೊಟ್ಟಿಯ ಸ್ವಿಚ್ಚು ತಲುಪುವಷ್ಟರಲ್ಲಿ ಆರಿತ್ತು. ಆಟಗಾರನ ಕಣ್ಣಿಗೆ ಕಂಡದ್ದೇ ನ್ಯಾಯ. ಜಾಕ್‌ಪಾಟಿಗೂ ಹೀಗೇ: ಕೊನೆಯ ಕ್ಷಣದಲ್ಲಿ ಹೊಡೆದ ಚೆಂಡು ರ‍್ಯಾಂಪ್ ಹತ್ತಿ ಮೇಲಿನ ಸ್ವಿಚ್ಚು ಮುಟ್ಟುವವರೆಗೆ ಹೊತ್ತು ಕೊಡಬೇಕು.

## ಅಲುಗಾಡಿಸಿದರೆ

ಯಂತ್ರವನ್ನು ಸೊಂಟದಿಂದ ತುಸು ತಳ್ಳಿ ಚೆಂಡಿನ ದಾರಿ ತಪ್ಪಿಸುವುದು ಆಟದ ಕಲೆ. ಅತಿಯಾದರೆ ‘ಟಿಲ್ಟ್’: ಫ್ಲಿಪ್ಪರುಗಳು ಸಾಯುತ್ತವೆ, ಆ ಚೆಂಡಿನ ಬೋನಸ್ ಹೋಗುತ್ತದೆ. ಒಳಗಿರುವುದು ಗಾರೆ ಕೆಲಸದವರ ತೂಕದ ಗುಂಡಿನಂಥ ಲೋಲಕ, ಅದರ ಸುತ್ತ ಒಂದು ಬಳೆ. ಲೋಲಕ ಬಳೆಗೆ ತಾಗಿದರೆ ಒಂದು ಎಚ್ಚರಿಕೆ. ಒಮ್ಮೆ ಗುದ್ದಿದರೆ ಲೋಲಕ ತೂಗಾಡುತ್ತ ನಾಲ್ಕೈದು ಸಲ ತಾಗುತ್ತದೆ; ಅವನ್ನೆಲ್ಲ ಒಂದೇ ಎಂದು ಎಣಿಸಲು ಮೊದಲ ತಾಗುವಿಕೆಯ ನಂತರ ಸ್ವಲ್ಪ ಹೊತ್ತು ಪ್ರೋಗ್ರಾಂ ಕಿವಿ ಮುಚ್ಚಿಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ: ಒಬ್ಬಳು ಟಿಲ್ಟ್ ಮಾಡಿದಳು, ಕೂಡಲೇ ಮುಂದಿನವನ ಚೆಂಡು ಬಂತು, ಲೋಲಕ ಇನ್ನೂ ತೂಗುತ್ತಲೇ ಇದೆ. ತಪ್ಪು ಅವಳದು, ಟಿಲ್ಟ್ ಅವನಿಗೆ. ಇದು ಪಂದ್ಯಗಳಲ್ಲಿ ಜಗಳಕ್ಕೆ ಕಾರಣವಾಗುವಂಥದ್ದು. ಹಾಗಾಗಿ ಲೋಲಕ ಶಾಂತವಾಗುವವರೆಗೆ ಮುಂದಿನ ಚೆಂಡು ಕೊಡದ ಹಾಗೆ ಹೊಸ ಕೋಡಿನಲ್ಲಿ ಬರೆಯುತ್ತಾರೆ.

## ಅಂಕದ ತೂಕ

ಎಲ್ಲ ಹೊಡೆತಕ್ಕೂ ತಕ್ಕ ಬೆಲೆ ಕಟ್ಟುವುದು ನಿಯಮ ರೂಪಿಸುವವಳ ಕೊನೆಯ, ಮುಗಿಯದ ಕೆಲಸ. ಸುಲಭದ ರ‍್ಯಾಂಪಿಗೆ ಹೆಚ್ಚು ಅಂಕವಿಟ್ಟರೆ ನುರಿತವರು ಅದೊಂದಕ್ಕೇ ಅರ್ಧ ಗಂಟೆ ಹೊಡೆಯುತ್ತ ನಿಲ್ಲುತ್ತಾರೆ. ಕಷ್ಟದ ಗುರಿಗೆ ಕಡಿಮೆ ಇಟ್ಟರೆ ಯಾರೂ ಅತ್ತ ನೋಡುವುದಿಲ್ಲ, ಅಲ್ಲಿಟ್ಟ ದುಬಾರಿ ಗೊಂಬೆ ದಂಡ. ಯಂತ್ರದ ಕಾಯಿನ್ ಬಾಗಿಲ ಹಿಂದಿನ ಗುಂಡಿಗಳನ್ನು ಒತ್ತಿದರೆ ತೆರೆಯುವ ‘ಆಡಿಟ್’ ಪುಟಗಳು ಇಲ್ಲಿ ನೆರವಿಗೆ ಬರುತ್ತವೆ: ಚೆಂಡು ಸರಾಸರಿ ಎಷ್ಟು ಸೆಕೆಂಡ್ ಬಾಳಿತು, ಯಾವ ಮೋಡ್ ಎಷ್ಟು ಸಲ ಶುರುವಾಯಿತು. ಉಚಿತ ಆಟ ಕೊಡುವ ಅಂಕದ ಮಟ್ಟವನ್ನೂ ಯಂತ್ರ ತಾನೇ ಏರಿಸಿ ಇಳಿಸುತ್ತದೆ. ಮಾಲೀಕ ಶೇ. 10 ಎಂದು ಇಟ್ಟರೆ, ಹತ್ತು ಆಟಕ್ಕೆ ಸುಮಾರು ಒಂದು ಆ ಮಟ್ಟ ದಾಟುವ ಹಾಗೆ.

ಪೆಟ್ಟಿಗೆ ಕಾರ್ಖಾನೆ ಬಿಟ್ಟ ಮೇಲೂ ಈ ತಿದ್ದುಪಡಿ ನಡೆಯುತ್ತಲೇ ಇರುತ್ತದೆ. ಹೊಸ ಯಂತ್ರಗಳು ಎಷ್ಟೋ ಸಲ 1.0 ತಲುಪದ, ಅಂದರೆ ಇನ್ನೂ ಪೂರ್ತಿಯಾಗದ ಆವೃತ್ತಿಯ ಕೋಡ್ ಹೊತ್ತೇ ಮಾರಾಟವಾಗುತ್ತವೆ. ಉಳಿದದ್ದು ಯುಎಸ್‌ಬಿ ಕಡ್ಡಿಯಲ್ಲೋ ವೈಫೈನಲ್ಲೋ ಬರುತ್ತದೆ. ಕೊಂಡವರು ಈ ಬಗ್ಗೆ ಗೊಣಗುವುದೂ ಉಂಟು, ಹೊಸ ಆವೃತ್ತಿ ಬಂದ ದಿನ ರಾತ್ರಿಯಿಡೀ ಆಡುವುದೂ ಉಂಟು.

## ಈ ಕೆಲಸಕ್ಕೆ ಬರುವ ದಾರಿ

ಇದಕ್ಕೆಂದೇ ಪದವಿ ಎಲ್ಲೂ ಇಲ್ಲ. ಬರುವವರು ಸಾಮಾನ್ಯವಾಗಿ ಎರಡು ಬಾಗಿಲಿನಿಂದ ಬರುತ್ತಾರೆ. ಒಂದು ಸಾಫ್ಟ್‌ವೇರ್: ಸಿ, ಸಿ++ ಗೊತ್ತಿದ್ದು, ಯಂತ್ರಾಂಶದ ಹತ್ತಿರ ಕೆಲಸ ಮಾಡಿದವರು. ಇನ್ನೊಂದು ಪಂದ್ಯಗಳು: ನೂರಾರು ಯಂತ್ರ ಆಡಿ, ಯಾವ ನಿಯಮ ಎಲ್ಲಿ ಸೋಲುತ್ತದೆ ಎಂದು ಬೆರಳ ತುದಿಯಲ್ಲಿ ಬಲ್ಲವರು. ಈ ಎರಡನೆಯ ಬಾಗಿಲು ಹೆಂಗಸರಿಗೆ ಬಹಳ ಕಾಲ ಅರ್ಧ ಮುಚ್ಚಿಯೇ ಇತ್ತು, ಯಂತ್ರಗಳು ಇದ್ದದ್ದೇ ಬಾರು ಮತ್ತು ಆರ್ಕೇಡುಗಳಲ್ಲಿ. 2013ರಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ‘ಬೆಲ್ಸ್ ಅಂಡ್ ಚೈಮ್ಸ್’ ಎಂಬ ಹೆಂಗಸರದೇ ಪಿನ್‌ಬಾಲ್ ಕೂಟ ಶುರುವಾಗಿ ಆಮೇಲೆ ಬೇರೆ ಊರುಗಳಿಗೂ ಹರಡಿತು.

ಕಂಪನಿಯಲ್ಲಿ ಮೊದಲ ಕೆಲಸ ನಿಯಮ ರೂಪಿಸುವುದಾಗಿರುವುದು ಅಪರೂಪ. ಪರೀಕ್ಷೆ, ಬೆಳಕಿನ ಆಟ, ಒಂದೆರಡು ಮೋಡ್, ಆಮೇಲೆ ಇಡೀ ಯಂತ್ರದ ಹೊಣೆ. ಕೋಡ್ ಬರೆಯುವುದು ‘ವೈಟ್‌ವುಡ್’ ಮೇಲೆ, ಅಂದರೆ ಬಣ್ಣ ಚಿತ್ರ ಏನೂ ಇಲ್ಲದ ಬೋಳು ಮರದ ಮಾದರಿ ಹಲಗೆಯ ಮೇಲೆ. ಗಾಜು ತೆಗೆದಿಟ್ಟು, ಚೆಂಡನ್ನು ಕೈಯಲ್ಲೇ ಹಿಡಿದು ಒಂದೊಂದು ಸ್ವಿಚ್ಚಿಗೂ ತಾಗಿಸುತ್ತ, ಬೇಕೆಂದೇ ತಪ್ಪು ಕ್ರಮದಲ್ಲಿ ತಾಗಿಸುತ್ತ ಪರೀಕ್ಷೆ ನಡೆಯುತ್ತದೆ.

ಯಂತ್ರ ಇಲ್ಲದ ಊರಿನಲ್ಲಿ ಕೂತೂ ಕಲಿಯಲು ಶುರುಮಾಡಬಹುದು. ‘ಮಿಷನ್ ಪಿನ್‌ಬಾಲ್ ಫ್ರೇಮ್‌ವರ್ಕ್’ ಪೈಥಾನಿನಲ್ಲಿ ಬರೆದ ಮುಕ್ತ ತಂತ್ರಾಂಶ. ಸ್ವಿಚ್ಚು, ಕಾಯಿಲ್, ಮೋಡುಗಳನ್ನು ಸರಳ ಪಠ್ಯ ಕಡತಗಳಲ್ಲಿ ಬರೆದು, ನಿಜವಾದ ಯಂತ್ರದ ಬದಲು ಕೀಲಿಮಣೆಯ ಕೀಲಿಗಳನ್ನೇ ಸ್ವಿಚ್ಚಾಗಿ ಬಳಸಿ ನಿಯಮಗಳನ್ನು ಓಡಿಸಿ ನೋಡಬಹುದು. ಮೇಲೆ ಹೇಳಿದ ಮೂರು ಚೆಂಡಿನ ಮಲ್ಟಿಬಾಲನ್ನು ಇಬ್ಬರು ಆಟಗಾರರಿಗೆ ತಪ್ಪಿಲ್ಲದೆ ಬರೆಯುವುದು ಒಳ್ಳೆಯ ಮೊದಲ ಅಭ್ಯಾಸ. ನಿಜವಾದ ಕಾಯಿಲಿಗೆ ಕೈಹಾಕುವ ದಿನ ಬಂದಾಗ ಕ್ರಮ ಹೀಗೆ: ಕಾಯಿಲಿನ 48 ವೋಲ್ಟ್ ಸಂಪರ್ಕ ತೆಗೆದಿಟ್ಟು ಮೊದಲು ಎಲ್ಲ ಸ್ವಿಚ್ಚುಗಳನ್ನೂ ಕೈಯಿಂದ ಒತ್ತಿ ಪರದೆಯಲ್ಲಿ ನೋಡುವುದು, ಆಮೇಲೆ ಒಂದೇ ಕಾಯಿಲ್, ಸರಿಯಾದ ಫ್ಯೂಸ್ ಹಾಕಿ, 10 ಮಿಲಿಸೆಕೆಂಡಿನಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಏರಿಸುವುದು. ಒಂದು ಕೈ ಕೀಲಿಮಣೆಯ ಮೇಲಿದ್ದರೆ ಇನ್ನೊಂದು ಪವರ್ ಸ್ವಿಚ್ಚಿನ ಮೇಲೆ.